ಕೋಟೆಬಾಗಿಲಿನ ಮುದುಕ ಮತ್ತು ನಾಲ್ಕು ಪಾಸ್‌ಪೋರ್ಟ್

ಇಂಥ ಕಥೆ ಹೇಳುವವರನ್ನು ಕಂಡರೆ ನಾನು ಮೆಲ್ಲನೆ ಎದ್ದು ಹೋಗುವವನು. ನಂಬಿಕೆಯಿಲ್ಲ ಎನ್ನುವುದು ಅರ್ಧ ಕಾರಣ. ಆಮೇಲೆ ನಿದ್ದೆ ಬರುವುದಿಲ್ಲ ಎನ್ನುವುದು ಇನ್ನರ್ಧ. ಈಗ ನಾನೇ ಒಂದನ್ನು ಹೇಳಲು ಹೊರಟಿದ್ದೇನೆ. ನೀವು ಎದ್ದು ಹೋದರೆ ಬೇಸರವಿಲ್ಲ ಮಾರಾಯ್ರೆ.

ತೊಂಬತ್ತರಲ್ಲಿ ನಾವು ಕುವೈತಿನ ಖೈತಾನ್‌ನಲ್ಲಿದ್ದೆವು. ನಮ್ಮ ಪಾಸ್‌ಪೋರ್ಟು ನಮ್ಮ ಕೈಯಲ್ಲಿ ಇರುವುದೇ ಇಲ್ಲ, ಕಂಪನಿಯ ಕಪಾಟಿನಲ್ಲಿ. ನನ್ನ ಕಂಪನಿಯಲ್ಲಂತೂ ಹೆಂಡತಿ ಮಕ್ಕಳದ್ದೂ ಅಲ್ಲೇ. ರಜೆಗೆ ಹೊರಟಾಗ ಕೊಡುತ್ತಿದ್ದರು, ಬಂದ ಕೂಡಲೇ ಒಪ್ಪಿಸಬೇಕು. ಆ ವಸಂತದಲ್ಲಿ, ಈಸ್ಟರಿಗೆ, ಜರ್ಮನಿಯಲ್ಲಿ ನರ್ಸ್ ಆಗಿದ್ದ ಹೆಂಡತಿಯ ಅಕ್ಕ ನಮ್ಮನ್ನು ಕರೆಸಿಕೊಂಡಳು. ನಾನು ನಾಲ್ಕೂ ಪಾಸ್‌ಪೋರ್ಟುಗಳನ್ನು ಬಟ್ಟೆಯ ಚೀಲದಲ್ಲಿಟ್ಟು ಅಂಗಿಯೊಳಗೆ ಸೊಂಟಕ್ಕೆ ಕಟ್ಟಿಕೊಂಡೆ. ಮಲಗುವಾಗಲೂ ಬಿಚ್ಚಲಿಲ್ಲ. "ನಿಮಗೆ ಹೊಟ್ಟೆ ಬಂದಿದೆ ಅಂದುಕೊಂಡೆ," ಎಂದಳು ಅತ್ತಿಗೆ.

ಅವಳು ನಮಗೆ ಹಳೆಯ ಊರುಗಳನ್ನು ತೋರಿಸಿದಳು. ಸುತ್ತ ಕೋಟೆಗೋಡೆ, ಒಂದಕ್ಕೊಂದು ಒರಗಿದಂತಿದ್ದ ಮರದ ಮನೆಗಳು, ಕಿಟಕಿಗಳಲ್ಲಿ ಹೂ. ಮರಳು ನೋಡಿ ಬೆಳೆದ ಮಕ್ಕಳು ಕಲ್ಲುಹಾಸಿನ ಓಣಿಗಳಲ್ಲಿ ಓಡಿದ್ದೇ ಓಡಿದ್ದು. ಹಿಂದಿನಿಂದ ನಾನು, "ಬೀಳ್ತೀರಿ, ಬೀಳ್ತೀರಿ" ಅಂತ. ಯಾರೂ ಬೀಳಲಿಲ್ಲ. ಆ ಬಿಸಿಲಿನ ಹಿತ ಈಗಲೂ ಬೆನ್ನ ಮೇಲಿದೆ.

ಒಂದು ಊರಿನ ಕೋಟೆಬಾಗಿಲಲ್ಲಿ ಒಬ್ಬ ಮುದುಕ ಸೇಬು ಹೆಚ್ಚುತ್ತ ಕೂತಿದ್ದ. ಉಳಿದವರು ಮುಂದೆ ಹೋಗಿದ್ದರು. ನಾನು, ಆರು ವರ್ಷದ ಮಗಳು ರೀಟಾ ಹಿಂದೆ. ಮುದುಕ ಚಾಕುವಿನ ಹಿಡಿಯಿಂದ ನನ್ನ ಸೊಂಟವನ್ನು ತೋರಿಸಿ ಏನೋ ಹೇಳಿದ. ಜರ್ಮನ್ ಇರಬೇಕು. ರೀಟಾ ನನ್ನ ಕೈ ಎಳೆದಳು.

"ಡ್ಯಾಡಿ, ಗ್ರ್ಯಾಂಡ್‌ಪಾ ಸೇಸ್ ಡೋಂಟ್ ಗಿವ್ ಇಟ್ ಬ್ಯಾಕ್."

"ನಿನಗೆ ಹೇಗೆ ಗೊತ್ತಾಯ್ತು?"

"ಹಿ ಸೆಡ್ ಇಟ್ ಇನ್ ಕೊಂಕಣಿ."

ಕೊಂಕಣಿ ನಮ್ಮ ಮನೆಮಾತು. ತಿರುಗಿ ನೋಡಿದರೆ ಮುದುಕ ತನ್ನ ಪಾಡಿಗೆ ಸೇಬು ತಿನ್ನುತ್ತಿದ್ದ.

ಕುವೈತಿಗೆ ಮರಳಿದ ಮೇಲೆ ಕಚೇರಿಯ ಈಜಿಪ್ಟಿನ ಗುಮಾಸ್ತ ದಿನಾ ಪಾಸ್‌ಪೋರ್ಟ್ ಕೇಳುತ್ತಿದ್ದ. ನಾನು "ಬುಕ್ರಾ" ಎನ್ನುತ್ತಿದ್ದೆ, ನಾಳೆ ಎಂದು. ಎಲ್ಲರಿಗೂ ಬುಕ್ರಾ ಎಂದು ಹೇಳಿಯೇ ಸಂಬಳ ತೆಗೆದುಕೊಳ್ಳುತ್ತಿದ್ದವನು ಅವನು. ತನ್ನ ಮಾತು ತನಗೇ ಬಂದದ್ದು ಕೇಳಿ ನಗುತ್ತಿದ್ದ. ಹೆಂಡತಿ ಸೆಲಿನ್ ಮಾತ್ರ ನಗಲಿಲ್ಲ. "ಗ್ಯಾಸ್ ಬಂದ್ ಮಾಡಿದ ಮೇಲೂ ಎದ್ದು ಹೋಗಿ ನೋಡುವ ಜನ ನೀವು. ಇಲ್ಲಿ ಇರುವ ಇಕಾಮಾ ಪರ್ಮಿಟ್ಟೇ ಹೋದರೆ ಊರಿಗೆ ಹೋಗಿ ಏನು ಮಾಡುವುದು? ಇದೊಂದಕ್ಕೆ ಧೈರ್ಯ ಎಲ್ಲಿಂದ ಬಂತು?" ಒಪ್ಪಿಸಿಯೇ ಬಿಡೋಣವೆಂದು ಚೀಲ ಹಿಡಿದು ಗುಮಾಸ್ತನ ಬಾಗಿಲ ತನಕ ಹೋದದ್ದುಂಟು. ಆ ಎಸಿ ಗಾಳಿಯಲ್ಲಿ ಆಗ ತಾನೇ ಹೆಚ್ಚಿದ ಸೇಬಿನ ವಾಸನೆ. ಹಾಗೇ ಹಿಂದೆ ಬಂದೆ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಕಂಪನಿಯ ಕಟ್ಟಡಕ್ಕೆ ಬೀಗ, ಕಪಾಟು ಒಳಗೆ. ಜತೆಯವರು ರಾಯಭಾರ ಕಚೇರಿಯ ಕಾಗದಕ್ಕಾಗಿ ಬಿಸಿಲಲ್ಲಿ ನಿಂತಿರುವಾಗ ನಾವು ನಾಲ್ವರೂ ಬಸ್ಸು ಹತ್ತಿ ಜೋರ್ಡಾನಿನ ದಾರಿ ಹಿಡಿದಿದ್ದೆವು. ಚೀಲ ನನ್ನ ಸೊಂಟದಲ್ಲಿತ್ತು.

ಮೊನ್ನೆ ಫೋನಿನಲ್ಲಿ ರೀಟಾಳ ಹತ್ತಿರ ಈ ವಿಷಯ ತೆಗೆದೆ. ಮುದುಕ, ಚಾಕು, ಸೇಬು ಎಲ್ಲ ಅವಳಿಗೆ ನೆನಪಿದೆ.

"ಆದ್ರೆ ನಾನೇನೂ ಹೇಳಲಿಲ್ಲ ಡ್ಯಾಡಿ. ನೀವೇ ಅಲ್ವಾ ಅವನ ಹತ್ರ ಕೊಂಕಣಿಯಲ್ಲಿ ಮಾತಾಡಿದ್ದು? ತುಂಬಾ ಹೊತ್ತು. ನಂಗೆ ಕಾಲು ನೋವು ಬಂದಿತ್ತು."

ನಾನು ಅವನ ಹತ್ತಿರ ಒಂದು ಮಾತೂ ಆಡಿದ ನೆನಪಿಲ್ಲ. ಈಗ ನನ್ನ ಚಿಂತೆ ಒಂದೇ: ಅಷ್ಟು ಹೊತ್ತಿನಲ್ಲಿ ಅವನು ಇನ್ನೇನೇನು ಹೇಳಿರಬಹುದು.