ಬಿಟ್ಟ ಮನೆ ಕೊಂಡವರು

ನಾವು ಕೊಂಡ ಮನೆಯಲ್ಲಿ ನನ್ನ ಮೊದಲ ರೋಗಿ ಗೇಟಿನವರೆಗೆ ಬಂದು, ಒಳಗೆ ಬರುವುದಿಲ್ಲ ಎಂದು ಆಟೋದಲ್ಲೇ ಕೂತುಬಿಟ್ಟರು. ಹೆಸರು ಮುನಿವೆಂಕಟಪ್ಪ, ಮುಳಬಾಗಿಲಿನ ಹತ್ತಿರದ ಹಳ್ಳಿಯಲ್ಲಿ ತರಕಾರಿ ಬೆಳೆಯುವವರು. ಬಲಗಡೆಗೆ ಲಕ್ವ ಹೊಡೆದಿತ್ತು. ಅವರ ಹೆಂಡತಿ ನಾರಾಯಣಮ್ಮ ನನ್ನ ಅಗಲವಾದ ಬಾಗಿಲನ್ನು ನೋಡಿ, "ಲೋಪಲಿಕಿ ವದ್ದಮ್ಮಾ" ಎಂದರು. ಲೋಪಲ ಎಂದರೆ ತೆಲುಗಿನಲ್ಲಿ ಒಳಗೆ, ವದ್ದು ಎಂದರೆ ಬೇಡ. ನಾನು ಪಿಳಿಪಿಳಿ ನೋಡಿದ್ದಕ್ಕೆ ಕನ್ನಡದಲ್ಲೇ ಹೇಳಿದರು: "ಏನ್ ಮಾಡ್ಬೇಕೋ ಇಲ್ಲೇ ಮಾಡ್ಬುಡಿ."

ನಾನು ಗದಗಿನವಳು, ಫಿಜಿಯೋಥೆರಪಿ ಕಲಿತವಳು. ಗಂಡನಿಗೆ ಇಲ್ಲಿನ ಬ್ಯಾಂಕಿಗೆ ವರ್ಗವಾಗಿ ಬಂದೆವು. ನಾನು "ಹೌದ್ರಿ" ಎಂದರೆ ತರಕಾರಿ ಅಂಗಡಿಯಾಕೆ "ನಿಮ್ದು ಯಾವ ಸ್ಟೇಟು ಮೇಡಂ?" ಎಂದು ಕೇಳುವಳು. ಅವಳು ತೆಲುಗು ಆಡಿದರೆ ಯಾರೂ ಹಾಗೆ ಕೇಳುವುದಿಲ್ಲ. ನಮ್ಮ ಊರಲ್ಲಿ ರಸ್ತೆಯ ಮಟ್ಟಕ್ಕೇ ಒಂದು ಕೋಣೆ ಹಿಡಿದು ಕೆಲಸ ಮಾಡುತ್ತಿದ್ದೆ. ಇಲ್ಲಿ ಬಾಡಿಗೆಗೆ ಸಿಕ್ಕಿದ್ದು ಮಹಡಿ ಮನೆ. ಮಹಡಿ ಹತ್ತಬಲ್ಲವರಿಗೆ ನಾನೇಕೆ ಬೇಕು? ಒಬ್ಬ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದ ದಿನ ಮನೆಯ ಯಜಮಾನರು ಖಂಡಿತವಾಗಿ ಹೇಳಿಬಿಟ್ಟರು: "ದಿನಾ ಕೈಕಾಲು ಬಿದ್ದೋರು ಬಂದ್ರೆ ನಮ್ಮ ಹುಡ್ಗೀನ ನೋಡಕ್ಕೆ ಯಾರಮ್ಮ ಬರ್ತಾರೆ?"

ಹಾಗಾಗಿ ಮನೆ ಕೊಳ್ಳುವುದೆಂದಾಯಿತು. ನನಗೆ ವಾಸ್ತು ಬೇಕಿರಲಿಲ್ಲ. ಮೆಟ್ಟಿಲಿರಬಾರದು, ಗಾಲಿ ಕುರ್ಚಿ ದಾಟುವಷ್ಟು ಬಾಗಿಲು ಬೇಕು, ಮುಂದಿನ ಕೋಣೆಗೆ ತಾಗಿಕೊಂಡೇ ಬಚ್ಚಲಿರಬೇಕು. ಸೊಂಟ ನೋವೆಂದು ಬಂದವರು ನಮ್ಮ ಅಡುಗೆಮನೆ ಹಾದುಹೋಗುವಂತಿರಬಾರದು. ಊರೆಲ್ಲ ಸುತ್ತಿದರೂ ಇಂಥ ಮನೆ ಸಿಗಲಿಲ್ಲ. ಕೊನೆಗೆ ಬ್ರೋಕರ್ ರಾಮಾಂಜಪ್ಪ ಒಂದು ಮನೆ ತೋರಿಸಿದ. ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಮುಂಬಾಗಿಲು ಅಗಲ, ಹೊಸ್ತಿಲು ನೆಲದ ಮಟ್ಟಕ್ಕೆ, ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಂಬಿ. ಬಾಗಿಲಿಗೆ ಅಡ್ಡ ಒಣಗಿದ ಮುಳ್ಳುಕೊಂಬೆ ಕಟ್ಟಿತ್ತು. ನಾಯಿ ನುಗ್ಗದಿರಲೆಂದು ಇರಬೇಕು ಅಂದುಕೊಂಡೆ.

"ಮನ್ಯಾಗ ಯಾರೂ ಇಲ್ಲೇನ್ರಿ?" ಎಂದು ಕೇಳಿದೆ.

"ಮನೆ ಬಿಟ್ಟವ್ರೆ ಮೇಡಂ. ಯಜಮಾನ್ರು ಹೋದ್ಮೇಲೆ ಬಿಟ್ಟವ್ರೆ. ಮಗ ಮಾಲೂರಲ್ಲವ್ನೆ."

ಗದಗಿನಲ್ಲಿ ಮನಿ ಬಿಟ್ಟಾರ ಎಂದರೆ ಸಾಮಾನು ಕಟ್ಟಿಕೊಂಡು ಬೇರೆ ಕಡೆ ಹೋಗಿದ್ದಾರೆ ಎಂದಷ್ಟೇ ಅರ್ಥ. ನಾನು ಹಾಗೇ ತಿಳಿದೆ. ರಾಮಾಂಜಪ್ಪ ಸುಳ್ಳನ್ನೇನೂ ಹೇಳಲಿಲ್ಲ, ಅದರ ಅರ್ಥ ನನಗೆ ಗೊತ್ತಿದೆ ಎಂದುಕೊಂಡ.

ಮನೆ ಕೊಂಡ ಮೇಲೆ ಆ ಮಾತಿನ ಅರ್ಥ ಬಿಡಿಸಿದ್ದು ಅಂದು ಗೇಟಿನಲ್ಲಿ ನಿಂತಿದ್ದ ನಾರಾಯಣಮ್ಮ. ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಇಲ್ಲಿ ಮನೆ ಬಿಡುತ್ತಾರೆ. ತಿಂಗಳುಗಟ್ಟಲೆ ಬೀಗ ಹಾಕಿ, ಬಾಗಿಲಿಗೆ ಮುಳ್ಳು ಕಟ್ಟಿ, ಆಮೇಲೆ ಶಾಂತಿ ಮಾಡಿಸಿ ಒಳಗೆ ಹೋಗುತ್ತಾರೆ. ಆ ಮಗ ಶಾಂತಿ ಮಾಡಿಸದೆ ಮಾರಿದ್ದ. ಅಗಲವಾದ ಬಾಗಿಲು, ಬಚ್ಚಲಿನ ಕಂಬಿ ಎಲ್ಲವೂ ಅವನ ಅಪ್ಪನಿಗಾಗಿ ಮಾಡಿಸಿದ್ದು. "ಅವ್ರಿಗೂ ಲಕ್ವಾನೇ ಕಣಮ್ಮ. ಅವ್ರು ಹೋದ ಮನೆಗೆ ಇವ್ರನ್ನ ಹೆಂಗ್ ಕರ್ಕೊಂಡ್ ಬರ್ಲಿ?"

ಆ ಬಾಗಿಲನ್ನು ನೋಡಿಯೇ ನಾನು ಮನೆಯನ್ನು ಮೆಚ್ಚಿದ್ದೆ.

ನಾವೇ ಶಾಂತಿ ಮಾಡಿಸಿದೆವು. ಅಕ್ಕಪಕ್ಕದವರು ಕಾಂಪೌಂಡಿನವರೆಗೆ ಬಂದು, ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಹೋದರು. ಸತ್ತವರ ಮಕ್ಕಳೇ ಮಾಡಬೇಕಂತೆ, ಕೊಂಡವರು ಮಾಡಿದರೆ ಲೆಕ್ಕಕ್ಕಿಲ್ಲವಂತೆ. ಫೋನು ಮಾಡಿದಾಗ ಆ ಮಗ, "ನಾನು ಆ ಬಾಗ್ಲು ಇನ್ನೊಂದ್ ಸಲ ತುಳಿಯಲ್ಲಕ್ಕ, ತಪ್ಪು ತಿಳ್ಕೋಬೇಡಿ" ಎಂದ. ಅವನ ದನಿ ಒಡೆದಿತ್ತು. ಬೈಯಬೇಕೆಂದಿದ್ದವಳು ಫೋನು ಇಟ್ಟೆ.

ಮುನಿವೆಂಕಟಪ್ಪನವರಿಗೆ ಅಂಗಳದ ಹೊಂಗೆ ಮರದ ಕೆಳಗೇ ಚಾಪೆ ಹಾಸಿದೆ. ನೊಪ್ಪಿ ಎಂದರೆ ನೋವು, ದಿಂಚು ಎಂದರೆ ಇಳಿಸು ಎಂದು ಅವರ ಕೈ ಎತ್ತಿ ಇಳಿಸುತ್ತಲೇ ಕಲಿತೆ. ರೊಟ್ಟಿ ಅಗಿದು ಬೆಳೆದ ನನಗೆ ಮುದ್ದೆಯನ್ನು ಅಗಿಯದೆ ನುಂಗುವುದನ್ನು ನಾರಾಯಣಮ್ಮ ಅಲ್ಲೇ ಕೂತು ಹೇಳಿಕೊಟ್ಟರು. ಒಂದು ಬೆಳಿಗ್ಗೆ ಮುನಿವೆಂಕಟಪ್ಪನವರ ಬಲಗೈಯ ಹೆಬ್ಬೆರಳು ತಾನಾಗಿ ಅಲ್ಲಾಡಿತು. ಮೂವರೂ ನಕ್ಕೆವು. ಈ ಊರಲ್ಲಿ ನನಗೆ ಸಿಕ್ಕ ಗೆಲುವು ಅದೊಂದೇ.

ಆಮೇಲೆ ಮಳೆ ಹಿಡಿಯಿತು. ಚಾಪೆ ತೊಯ್ದಿತು. ಒಳಗೆ ಬನ್ನಿ ಎಂದು ಕೈ ಮುಗಿದೆ. "ಮಳೆ ಬಿಡ್ಲಿ, ಬರ್ತೀವಿ" ಎಂದು ಆಟೋ ಹತ್ತಿದರು. ಫೋನು ಮಾಡಿದಾಗಲೆಲ್ಲ ಅದೇ ಮಾತು. ಲಕ್ವ ಹೊಡೆದ ಮೇಲಿನ ಮೊದಲ ತಿಂಗಳುಗಳು ಎಷ್ಟು ಮುಖ್ಯ ಎಂದು ಹೇಳಿ ಹೇಳಿ ಸೋತೆ. ಕೊನೆಗೆ ನಾನೇ ಬಸ್ಸು ಹತ್ತಿ ಅವರ ಹಳ್ಳಿಗೆ ಹೋದೆ. ಅವರ ಬಲಗೈ ಮುಷ್ಟಿ ಕಟ್ಟಿತ್ತು. ಬಿಡಿಸಲು ನೋಡಿದೆ, ಬೆರಳುಗಳು ಏಳಲಿಲ್ಲ. ಅವರು ಮುಖ ಗೋಡೆಯ ಕಡೆ ತಿರುಗಿಸಿಕೊಂಡು, "ನೊಪ್ಪಿ" ಎಂದರು. ಆ ಕೈ ಇನ್ನು ಮೊದಲಿನಂತಾಗುವುದಿಲ್ಲ ಎಂದು ಗೊತ್ತಾಗಿ, ಅವರೆದುರೇ ಅತ್ತೆ.

ಆದರೂ ವಾರ ವಾರ ಹೋಗುತ್ತೇನೆ, ಕಾಲಾದರೂ ಉಳಿಯಲೆಂದು. ನಾರಾಯಣಮ್ಮ ಕಾಫಿ ಕೊಡುತ್ತಾರೆ, ಚೀಲದಲ್ಲಿ ಬೀನ್ಸು ತುಂಬಿಸುತ್ತಾರೆ. ಅವರದು ಒಂದೇ ಕಟ್ಟಳೆ: "ಆ ಮನೆಯಿಂದ ಬರ್ತೀಯ, ಅಂಗಳದಲ್ಲಿ ಕಾಲು ತೊಳ್ಕೊಂಡು, ದೀಪ ನೋಡಿ, ಆಮೇಲೆ ಮಾತಾಡ್ಸು ತಾಯಿ." ಈಗ ಬೇರೆ ಹಳ್ಳಿಗಳಿಗೂ ಹೋಗುತ್ತೇನೆ. ಎಲ್ಲ ಕಡೆ ನೀರಿನ ತಂಬಿಗೆ ಅಂಗಳದಲ್ಲಿ ಕಾದಿರುತ್ತದೆ. ನಾನು ಜಗಳ ಮಾಡುವುದಿಲ್ಲ. ನಮ್ಮ ಮುಂದಿನ ಕೋಣೆಯಲ್ಲಿ ರೋಗಿಗಳಿಗೆಂದು ಹಾಕಿದ ಮಂಚದ ಮೇಲೆ ಒಗೆದ ಬಟ್ಟೆ ಮಡಚಿಡುತ್ತೇವೆ.

ಹೋದ ತಿಂಗಳು ಗದಗಿಗೆ ಹೋದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಅವಳನ್ನು ಮಾತಾಡಿಸದೆ ಅಂಗಳದ ನಳದಲ್ಲಿ ಕಾಲು ತೊಳೆದು, ನೇರ ದೇವರ ಮನೆಗೆ ಹೋಗಿ ದೀಪ ನೋಡುತ್ತ ನಿಂತೆ. ಆ ರೂಢಿ ಮೈಗೆ ಹತ್ತಿಹೋಗಿತ್ತು. ನಮ್ಮ ಕಡೆ ಹೆಣ ಹೂಳಿ ಬಂದವರಷ್ಟೇ ಹೀಗೆ ಮಾಡುವುದು. ಅವ್ವ ಹಿಂದೆಯೇ ಓಡಿ ಬಂದಳು.

"ಯಾರ ಮಣ್ಣಿಗೆ ಹೋಗಿದ್ದಿ?"

"ಯಾರೂ ಸತ್ತಿಲ್ಲ ಬೇ ಯವ್ವ," ಎಂದೆ, "ನಮ್ಮ ಮನಿಯಿಂದ ಬಂದೀನಿ."