ಗುಳ್ಳೆಯೊಳಗಿನ ಮಾತು

ಗೇಟು, ಗ್ರಿಲ್ಲು ಮಾಡುವ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡಿಯೇ ಆಯಸ್ಸು ಸವೆಸಿದ ಅವನನ್ನು ಎಲ್ಲರೂ ಕಿಡಿಯಣ್ಣ ಎಂದೇ ಕರೆಯುತ್ತಿದ್ದರು. "ಹೆಸರಿಗೆ ಕಿಡಿ, ಮಾತಿಗೆ ಬೂದಿ" ಎಂದು ಹೆಂಡತಿ ಛೇಡಿಸುತ್ತಿದ್ದಳು. ಬೀಡಿ ಇಲ್ಲ, ಇಸ್ಪೀಟಿಲ್ಲ. ಅವನಿಗಿದ್ದ ಚಟ ಒಂದೇ, ಚಿತ್ರಕಥೆ ಪುಸ್ತಕ. ಸಂಬಳದ ದಿನ ಫುಟ್‌ಪಾತಿನ ಹಳೇ ಪುಸ್ತಕದ ಗುಡ್ಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಆರಿಸಿ ತರುತ್ತಿದ್ದ. ದಿನವಿಡೀ ಬೆಂಕಿ ನೋಡಿದ ಕಣ್ಣಿಗೆ ಓದು ಹತ್ತುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೆ ಓದಿದರಾಯಿತೆಂದು ಟ್ರಂಕಿಗೆ ಹಾಕುತ್ತಿದ್ದ. ಕೆಲಸ ಬಿಡುವ ಹೊತ್ತಿಗೆ ಕಣ್ಣೇ ಅವನನ್ನು ಬಿಟ್ಟಿತ್ತು. ಚಿತ್ರಗಳೇನೋ ಮಬ್ಬಾಗಿ ಕಾಣುತ್ತಿದ್ದವು. ಮಾತಿನ ಗುಳ್ಳೆಯೊಳಗಿನ ಅಕ್ಷರಗಳು ಮಾತ್ರ ಇರುವೆ ಸಾಲು.

ಆಮೇಲೆ ಅವುಗಳನ್ನು ಓದಿದವಳು ಹೆಂಡತಿ. ಸಂಜೆ ಕೆಲಸ ಮುಗಿಸಿ ಪಕ್ಕದಲ್ಲಿ ಕೂತರೆ ರಾಜನಿಗೊಂದು ದನಿ, ಕಳ್ಳನಿಗೊಂದು ದನಿ. ಕಿಡಿಯಣ್ಣ ನಕ್ಕು ನಕ್ಕು ಕೆಮ್ಮುತ್ತಿದ್ದ.

"ಎಷ್ಟು ಚೆನ್ನಾಗಿ ಬರ್ದಿದಾನಲ್ಲೇ ಪುಣ್ಯಾತ್ಮ!"

"ಬರೆದೋನಿಗೇನ್ರೀ, ಗಂಟಲು ಹೋಗ್ತಿರೋದು ನಂದು."

ಹೋದ ವರ್ಷ ಅವಳು ತೀರಿಕೊಂಡಳು. ಕಿಡಿಯಣ್ಣ ಅಳಲಿಲ್ಲ. ಕೊಟ್ಟಾಗ ಉಂಡ, ಹಾಸಿದಾಗ ಮಲಗಿದ. ಟ್ರಂಕನ್ನು ಮಾತ್ರ ತನ್ನ ಮಂಚದ ಕೆಳಕ್ಕೆ ಎಳೆದುಕೊಂಡ. ಅವಳು ಆಡಿದ ಮಾತೆಲ್ಲ ಅದರೊಳಗಿದೆ ಎಂಬುದು ಅವನ ನಂಬಿಕೆ.

ಸೊಸೆಗೆ ಒಂದು ಆಫೀಸಿನಲ್ಲಿ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ. ಟ್ರಂಕಿನ ಧೂಳಿಗೆ ಅವಳಿಗೆ ಸೀನು ನಿಲ್ಲುತ್ತಿರಲಿಲ್ಲ.

"ಮಾವ, ಎಲ್ಲಾನೂ ಟ್ಯಾಬ್‌ಗೆ ಹಾಕಿಕೊಡ್ತೀನಿ. ಹುಳ ತಿನ್ನಲ್ಲ, ಹಾಳೆ ಉದುರಲ್ಲ, ಇಡೀ ಟ್ರಂಕು ಒಂದು ಸ್ಲೇಟಿನೊಳಗೆ ಕೂರುತ್ತೆ. ಅಕ್ಷರಾನೂ ನಿಮಗೆ ಬೇಕಾದಷ್ಟು ದೊಡ್ಡದು ಮಾಡ್ಕೋಬಹುದು. ಯಾರನ್ನೂ ಕಾಯೋದು ಬೇಡ."

"ಹಾಕು. ಟ್ರಂಕು ಮಾತ್ರ ಇಲ್ಲಿಂದ ಅಲ್ಲಾಡಕೂಡದು."

"ಆಯ್ತು, ಅದರ ಮೇಲೇ ಕೂತಿರಿ, ಕೋಳಿ ಮೊಟ್ಟೆ ಮೇಲೆ ಕೂತ ಹಾಗೆ!"

ರಜೆ ದಿನಗಳಲ್ಲಿ ಒಂದು ಹಾಳೆಯೂ ಹರಿಯದಂತೆ ಕೆಲಸ ಮುಗಿಸಿದಳು. ಟ್ಯಾಬನ್ನು ಅವನ ತೊಡೆಯ ಮೇಲಿಟ್ಟು, ಎರಡು ಬೆರಳು ಅಗಲಿಸುವುದನ್ನು ಹೇಳಿಕೊಟ್ಟಳು. ಗುಳ್ಳೆ ಉಬ್ಬಿತು. ಅಕ್ಷರ ಒಂದೊಂದೂ ಹೆಬ್ಬೆರಳಿನಷ್ಟಾಯಿತು. ಕಿಡಿಯಣ್ಣ ಹುಡುಕಿದ್ದು ಒಂದೇ ಪುಟ. ಕೋಟೆಗೋಡೆಯ ಮೇಲೆ ಕಳ್ಳರ ನಾಯಕ, ಕೆಳಗೆ ಕತ್ತಿ ಹಿಡಿದ ಹುಡುಗ. ನಾಯಕ ಅಲ್ಲಿ "ಲೋ ಕೋಡಂಗಿ, ಮನೇಲಿ ಹೇಳಿ ಬಂದಿದೀಯೇನೋ?" ಅನ್ನಬೇಕು.

ಗಾಜಿನ ಮೇಲೆ ಇದ್ದದ್ದು: "ವೀರನೇ, ನಿನ್ನ ಅಂತ್ಯ ಸಮೀಪಿಸಿತು."

ಅವನು ಪುಟ ಸರಿಸಿದ. ಸೇನಾಪತಿಯನ್ನು ಉಗಿದು ಉಪ್ಪು ಹಾಕಬೇಕಿದ್ದ ರಾಣಿ "ಅಯ್ಯೋ ವಿಧಿಯೇ!" ಎಂದು ನಿಂತಿದ್ದಳು. ಒಂದು ಕಡೆಯೂ ನಗು ಬರುವಂಥದ್ದಿಲ್ಲ.

"ನಿನ್ನ ಮೆಷಿನ್ನು ಮಾತು ಬದಲಾಯಿಸಿಬಿಟ್ಟಿದೆ ಕಣಮ್ಮ."

"ಅದು ಫೋಟೋ ತಗೊಳ್ಳುತ್ತೆ ಅಷ್ಟೇ ಮಾವ. ಇದ್ದದ್ದು ಇದ್ದ ಹಾಗೆ."

"ಹಾಗಾದ್ರೆ ಟ್ರಂಕು ತೆಗಿ."

ಸೊಸೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದೇ ಪುಸ್ತಕ ಹುಡುಕಿ, ಕಾಗದದ ಮೇಲಿನದನ್ನು ಗಟ್ಟಿಯಾಗಿ ಓದಿದಳು. ವೀರನೇ, ನಿನ್ನ ಅಂತ್ಯ ಸಮೀಪಿಸಿತು. ಇನ್ನೊಂದು ತೆಗೆಸಿದ, ಮತ್ತೊಂದು ತೆಗೆಸಿದ. ಅಲ್ಲೂ ಅದೇ ಹಾಡು. ಸೊಸೆಗೆ ವಿಷಯ ಹೊಳೆಯಿತು. ಪುಸ್ತಕ ಮುಚ್ಚಿ ಮೆಲ್ಲಗೆ ಹೇಳಿದಳು:

"ಅತ್ತೆ ತಾವೇ ಕಟ್ಟಿ ಹೇಳ್ತಿದ್ರು ಅನ್ಸುತ್ತೆ ಮಾವ. ಏನೇನು ಹೇಳ್ತಿದ್ರು? ನೀವು ಹೇಳಿ, ನಾನು ಬರ್ಕೋತೀನಿ."

ಕಿಡಿಯಣ್ಣ ಬಾಯಿ ತೆರೆದ. ಕೋಡಂಗಿಯದೊಂದು ಬಂತು. ಅದರ ಮುಂದಿನದು? ನಕ್ಕದ್ದು ನೆನಪಿತ್ತು, ಕೆಮ್ಮಿದ್ದು ನೆನಪಿತ್ತು, ಬೆನ್ನಿಗೆ ಅವಳು ಗುದ್ದಿದ್ದೂ ನೆನಪಿತ್ತು. ಅವಳ ಮಾತುಗಳು ಮಾತ್ರ ನೆನಪಿಗೆ ಬರಲಿಲ್ಲ. ಎದೆ ಮುಟ್ಟಿ ನೋಡಿಕೊಂಡ. ಅಲ್ಲಿ ನೋವೂ ಇರಲಿಲ್ಲ.

"ನಾಳೆ ರದ್ದಿಯವನನ್ನ ಕರಿ" ಎಂದ.

"ಇರಲಿ ಬಿಡಿ ಮಾವ, ನಾನು ಸೀನ್ಕೊಂಡೇ ಇರ್ತೀನಿ. ಅತ್ತೆ ಮುಟ್ಟಿದ ಪುಸ್ತಕ."

"ಬೇಡಮ್ಮ. ಜಾಗ ಹಿಡಿಯುತ್ತೆ. ಹುಳ ತಿನ್ನುತ್ತೆ. ಈ ಟ್ಯಾಬಲ್ಲಿ ಎಲ್ಲಾ ಇದೆಯಲ್ಲ."

ಕಿಡಿಯಣ್ಣ ಟ್ಯಾಬನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆರಳು ಅಗಲಿಸಿ ಮುಂದಿನ ಗುಳ್ಳೆಯನ್ನು ದೊಡ್ಡದು ಮಾಡಿದ. ಬರೆದದ್ದನ್ನು ಬರೆದಂತೆ ಓದಿದ. ಆಮೇಲೆ ಅದರ ಮುಂದಿನದನ್ನು ಓದಿದ.