ಡಾಕ್ಟರಿಗೆ ಹೇಳಿದ ನಾಲ್ಕೂಕಾಲು ಗಂಟೆ

ಊರಿಗೆ ಬಂದ ಮರುದಿನ ಬೆಳಿಗ್ಗೆ ಎಡಗಾಲು ಚಪ್ಪಲಿಯೊಳಗೆ ಹೋಗಲಿಲ್ಲ. ಮೀನಖಂಡ ಕಲ್ಲಿನ ಹಾಗೆ ಗಟ್ಟಿ. ಮುಟ್ಟಿದರೆ ಬಿಸಿ.

ನಾನು ದುಬೈಯಲ್ಲಿ ವೆಲ್ಡರ್. ಆರನೇ ಕ್ಲಾಸಿಗೆ ಶಾಲೆ ಬಿಟ್ಟವ. ಹನ್ನೊಂದು ವರ್ಷದಲ್ಲಿ ಜ್ವರವೆಂದು ಒಂದು ದಿನ ಮಲಗಿದವನಲ್ಲ. ಮಲಗುವವರನ್ನು ಕಂಡರೆ ನನಗೆ ಆಗುವುದೂ ಇಲ್ಲ.

ಹೆಂಡತಿಯ ಅಣ್ಣ, ಮಾಣಿ ಪೇಟೆಯಲ್ಲಿ ಅಂಗಡಿ ಇಟ್ಟ ಭಾವ, ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅವನು ವಿಮಾನದ ಮೆಟ್ಟಿಲು ಹತ್ತದ ಜನ. ಆದರೆ ಅದರ ಟೈಮೆಲ್ಲ ಬಾಯಿಪಾಠ.

"ಕೂತು ಪ್ರಯಾಣ ಎಷ್ಟು ಹೊತ್ತು ಮಾಡಿದ್ದೀರಿ?" ಡಾಕ್ಟರು ಕೇಳಿದರು.

"ದುಬೈ–ಬೊಂಬಾಯಿ ಮೂರು ಗಂಟೆ, ಬೊಂಬಾಯಿ–ಬಜ್ಪೆ ಏರ್‌ಪೋರ್ಟು ಒಂದೂಕಾಲು," ಭಾವನೇ ಹೇಳಿದ. "ಚಾ ಕುಡಿದು ಮುಗಿಯುವಾಗ ಊರು ಬರ್ತದೆ ಡಾಕ್ಟ್ರೇ."

ನಾನು ಹೌದೆಂದು ತಲೆಯಾಡಿಸಿದೆ.

ಸುಳ್ಳು.

ಬೊಂಬಾಯಿಯಿಂದ ನಾನು ಬಂದದ್ದು ಬಸ್ಸಿನಲ್ಲಿ. ಇಪ್ಪತ್ತಾರು ಗಂಟೆ. ಇದೇ ಭಾವ ತರಬೇಕೆಂದು ಬರೆದು ಕಳಿಸಿದ ಟೇಪ್‌ರೆಕಾರ್ಡರು, ಕಂಬಳಿ, ಸುಡುಗಾಡು ಎಲ್ಲ ಸೇರಿ ಎರಡು ಪೆಟ್ಟಿಗೆ. ಬಜ್ಪೆಯ ವಿಮಾನದಲ್ಲಿ ಅಷ್ಟು ಭಾರ ಬಿಡುವುದಿಲ್ಲ. ಟೇಪಿನ ಪೆಟ್ಟಿಗೆಯನ್ನು ಸೀಟಿನ ಎದುರಿಟ್ಟು, ಅದರ ಮೇಲೆ ಕಾಲು ಮಡಚಿಟ್ಟು ಸೀಟಿನಲ್ಲಿ ಕೂತೆ. ಕಾವಲಿಗೆಂದು ಬಸ್ಸು ನಿಂತಲ್ಲೂ ಇಳಿಯಲಿಲ್ಲ. ಇಳಿಯಬೇಕಾದೀತೆಂದು ನೀರೂ ಕುಡಿಯಲಿಲ್ಲ. ಕಳೆದ ಸಲ ಕನ್ಯಾನದ ಒಬ್ಬ ಹೀಗೆ ಬಂದಾಗ ಭಾವ ಅಂಗಡಿಯಲ್ಲಿ ಎಲ್ಲರ ಎದುರು ನಗಾಡಿದ್ದ: "ಬಸ್ಸಿನಲ್ಲಿ ಬರುವವನೂ ಗಲ್ಫಿನವನಾ ಮಾರಾಯ?" ಹಾಗಾಗಿ ಬಜ್ಪೆಗೆ ಯಾರೂ ಬರುವುದು ಬೇಡವೆಂದು ಮೊದಲೇ ಬರೆದಿದ್ದೆ. ಮಂಗಳೂರಿನಲ್ಲಿ ಬಸ್ಸಿಳಿದು ಟ್ಯಾಕ್ಸಿ ಮಾಡಿ, ದೊಡ್ಡ ಜನರ ಹಾಗೆ ಅಂಗಳದಲ್ಲಿ ಇಳಿದೆ.

ಕ್ಲಿನಿಕ್ಕಿನ ಡಾಕ್ಟರು ಉಳುಕು ಎಂದರು. ಬ್ಯಾಂಡೇಜು, ನೋವಿನ ಮಾತ್ರೆ. ಅದು ಸಾಲದೆಂದು ಭಾವ ಎಣ್ಣೆ ಹಾಕಿ ಎರಡು ದಿನ ತಿಕ್ಕಿದ.

ಮೂರನೇ ದಿನ ಬಚ್ಚಲಿನಿಂದ ಬರುವಾಗ ಉಸಿರು ಸಿಕ್ಕಲಿಲ್ಲ. ಕೆಮ್ಮಿದೆ.

ಅಂಗೈಯಲ್ಲಿ ರಕ್ತ.

ಮಂಗಳೂರಿನ ಆಸ್ಪತ್ರೆ. ಆಕ್ಸಿಜನ್ ಮಾಸ್ಕ್. ಪುನಃ ಅದೇ ಪ್ರಶ್ನೆ. ಭಾವ ಬಾಗಿಲಲ್ಲೇ ನಿಂತಿದ್ದ. ನಾನು ಮಾಸ್ಕ್ ಸರಿಸಿ, "ವಿಮಾನದಲ್ಲಿ, ನಾಲ್ಕೂಕಾಲು ಗಂಟೆ" ಎಂದೆ. ಸಾಯುವ ಹೊತ್ತಿನಲ್ಲೂ ಹೀಗೆ ಹೇಳುವ ಮನುಷ್ಯನಿಗೆ ಎಂತ ಹೇಳುವುದು?

"ಅಲ್ಲ ಡಾಕ್ಟ್ರೇ," ಎಂದಳು ಹೆಂಡತಿ ಸುಮತಿ. "ಇವರು ಬೊಂಬಾಯಿಯಿಂದ ಬಸ್ಸಿನಲ್ಲಿ ಬಂದದ್ದು. ಪೆಟ್ಟಿಗೆಯಲ್ಲಿ ಬಸ್ಸಿನವರ ಚೀಟಿ ಉಂಟು. ಇವರ ಮರ್ಯಾದೆ ಹೋಗುವುದು ಬೇಡ ಅಂತ ಸುಮ್ಮನಿದ್ದೆ."

"ಎಷ್ಟು ಗಂಟೆ?"

"ಇಪ್ಪತ್ತಾರು," ಎಂದೆ.

"ನಡುವೆ ಇಳಿದಿರಾ?"

"ಇಲ್ಲ."

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದರ ತುಂಡು ಶ್ವಾಸಕೋಶಕ್ಕೆ ಹೋಗಿರಬೇಕು, ತಿಕ್ಕಲೇಬಾರದಿತ್ತು ಎಂದರು. ಸ್ಕ್ಯಾನ್. ಹೆಪ್ಪು ಬೆಳೆಯದಿರಲು ಹೆಪಾರಿನ್ ಇಂಜೆಕ್ಷನ್. ಹನ್ನೆರಡು ದಿನ ವಾರ್ಡು.

ಟೇಪ್‌ರೆಕಾರ್ಡರು ಈಗ ಭಾವನ ಅಂಗಡಿಯಲ್ಲಿ ಹಾಡುತ್ತಾ ಉಂಟು. ಅದಕ್ಕೇನೂ ಆಗಲಿಲ್ಲ. ಮೊನ್ನೆ ಅಲ್ಲಿ ಒಬ್ಬರು, ದುಬೈಯಿಂದ ಬರಲಿಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಭಾವ ಬಾಯಿ ತೆರೆದ. ನನ್ನ ಮುಖ ನೋಡಿದ. ಮುಚ್ಚಿದ.

"ವಿಮಾನ ಮೂರು ಗಂಟೆ, ಬಸ್ಸು ಇಪ್ಪತ್ತಾರು," ನಾನೇ ಹೇಳಿದೆ. "ಭಾವ ಎಣ್ಣೆ ತಿಕ್ಕಿದರೆ ಇನ್ನೂ ಹನ್ನೆರಡು ದಿನ."

ರಕ್ತ ತೆಳುವಾಗುವ ಮಾತ್ರೆ ದಿನಾ ಉಂಟು. ಡಾಕ್ಟರಿಗೆ ಕೈಮುಗಿದು ಬಂದಿದ್ದೇನೆ. ಹೆಂಡತಿಗೆ ಕೈಮುಗಿಯಲು ನನ್ನಂಥವನಿಗೆ ಬರುವುದಿಲ್ಲ. ಅವಳು "ಕೂತದ್ದು ಸಾಕು, ಏಳಿ" ಎಂದಾಗ ಮಾತಾಡದೆ ಎದ್ದು, ಅಂಗಳದಲ್ಲಿ ನಾಲ್ಕು ಸುತ್ತು ನಡೆಯುತ್ತೇನೆ.